ಓದುಗರ ಪ್ರಶ್ನೆ: ಹಿಂದಿ ಬದಲು ಆಟೋಮೊಬೈಲ್ ತಗೊಂಡ್ರೆ ಸೈನ್ಸ್ ಸಿಗುತ್ತಾ?

ಪ್ರಶ್ನೆ: ಸರ್, ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಈ ವರ್ಷ ಒಂಬತ್ತನೇ ಕ್ಲಾಸು. ಮೂರನೇ ಭಾಷೆ ಹಿಂದಿ ಬದಲು ಐಟಿ ಇಲ್ಲಾ ಆಟೋಮೊಬೈಲ್ ತಗೋಬಹುದು ಅಂತ ಶಾಲೆಯಲ್ಲಿ ಹೇಳಿದ್ದಾರೆ. ಆಕೆ ಆಟೋಮೊಬೈಲೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅವರಪ್ಪ, "ಹಿಂದಿ ಬಿಟ್ರೆ ಮುಂದೆ ಸೈನ್ಸ್ ಸಿಗಲ್ಲ, ಹೆಣ್ಣುಮಕ್ಕಳಿಗೆ ಗ್ಯಾರೇಜ್ ಕೆಲಸ ಯಾಕೆ" ಅಂತಾರೆ. ಏನು ಮಾಡಲಿ?
ಒಬ್ಬ ತಾಯಿ, ಶಿರಹಟ್ಟಿ

ಉತ್ತರ: ಅಕ್ಕಾ, ಮೊದಲು ಸೈನ್ಸ್ ಭಯ ಬಿಡಿ. ಶಾಲೆಯವರು ಹೇಳಿದ್ದು ಎನ್‌ಎಸ್‌ಕ್ಯೂಎಫ್ ವಿಷಯ, ಅಂದ್ರೆ ಶಾಲೆಯಲ್ಲೇ ಕೆಲಸದ ಕೌಶಲ ಕಲಿಸೋ ವಿಷಯ. ಎಸ್‌ಎಸ್‌ಎಲ್‌ಸಿಯಲ್ಲಿ ಮೂರನೇ ಭಾಷೆಯ ಜಾಗದಲ್ಲಿ ಅದು ಬರುತ್ತೆ. ಗಣಿತ, ವಿಜ್ಞಾನ, ಸಮಾಜ, ಕನ್ನಡ, ಇಂಗ್ಲಿಷ್ ಎಲ್ಲಾ ಹಾಗೇ ಇರುತ್ತವೆ. ಪಿಯುಸಿಯಲ್ಲಿ ಇರೋದೇ ಎರಡು ಭಾಷೆ, ನಮ್ಮ ಕಡೆ ಹೆಚ್ಚಿನ ಮಕ್ಕಳು ಕನ್ನಡ, ಇಂಗ್ಲಿಷ್ ತಗೋತಾರೆ. ಹಾಗಾಗಿ ಹತ್ತನೇ ಪಾಸಾದ ಮೇಲೆ ಸೈನ್ಸ್, ಕಾಮರ್ಸ್, ಡಿಪ್ಲೊಮಾ ಯಾವ ಬಾಗಿಲೂ ಮುಚ್ಚಲ್ಲ. ಹಿಂದಿ ವಿಷಯದಲ್ಲಿ ಅವರಪ್ಪ ಹೇಳೋದರಲ್ಲೂ ಒಂದು ಮಾತಿದೆ. ನಾಳೆ ಹೊರರಾಜ್ಯಕ್ಕೆ ಕೆಲಸಕ್ಕೆ ಹೋದರೆ ಅದು ಉಪಯೋಗಕ್ಕೆ ಬರುತ್ತೆ. ಆದರೆ ಆಕೆ ಆರನೇ ಕ್ಲಾಸಿನಿಂದ ಹಿಂದಿ ಕಲಿತಿದ್ದಾಳೆ, ಓದೋಕೆ ಬರೆಯೋಕೆ ಬರುತ್ತಲ್ಲ, ಅದನ್ನು ಮನೆಯಲ್ಲೇ ಉಳಿಸ್ಕೋಬಹುದು.

ಇನ್ನು ಐಟಿನಾ ಆಟೋಮೊಬೈಲಾ ಅನ್ನೋದು. ಇದನ್ನ ವಿಷಯದ ಹೆಸರು ನೋಡಿ ಮಾತ್ರ ನಿರ್ಧಾರ ಮಾಡಬೇಡಿ. ಒಂದು ದಿನ ಶಾಲೆಗೆ ಹೋಗಿ, ಹೆಡ್‌ಮಾಸ್ತರರನ್ನು ಕೇಳಿ ಲ್ಯಾಬ್ ಬಾಗಿಲು ತೆಗೆಸಿ. ಎಂಜಿನ್ ಮೇಲೆ ಧೂಳು ಕೂತಿದ್ರೆ ಅದನ್ನ ಯಾರೂ ಮುಟ್ಟಿಲ್ಲ. ಸ್ಪ್ಯಾನರುಗಳಿಗೆ ಎಣ್ಣೆ ಹತ್ತಿದ್ರೆ, ಮಕ್ಕಳ ಪ್ರಾಕ್ಟಿಕಲ್ ನೋಟಿನಲ್ಲಿ ಅವರೇ ತೆಗೆದ ಚಿತ್ರ ಇದ್ರೆ, ಅಲ್ಲಿ ಪಾಠ ನಡೀತಿದೆ. ಹತ್ತನೇ ಕ್ಲಾಸಿನ ಒಂದಿಬ್ಬರು ಹುಡುಗಿಯರನ್ನ ಪಕ್ಕಕ್ಕೆ ಕರೆದು, ಹೋದ ವಾರ ಏನು ಬಿಚ್ಚಿದ್ರಿ ಅಂತ ಕೇಳಿ. "ಸ್ಪಾರ್ಕ್ ಪ್ಲಗ್ ತೆಗೆದು ಫೀಲರ್ ಗೇಜ್ ಹಾಕಿ ಗ್ಯಾಪ್ ನೋಡಿದ್ವಿ, ತುದಿ ಕಪ್ಪಗೆ ಮಸಿ ಹಿಡಿದಿತ್ತು, ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಸರ್ ಹೇಳಿದ್ರು" ಅಂತ ಒಬ್ಬಳು ಹೇಳಿದ್ರೆ ಸಾಕು, ಕಣ್ಣು ಮುಚ್ಚಿ ಸೇರಿಸಿ. ನೋಟ್ಸ್ ಬರೆಸಿದ್ರು ಅಂತ ಮಾತ್ರ ಹೇಳಿದ್ರೆ ಐಟಿ ಕೋಣೆಗೂ ಹೋಗಿ ನೋಡಿ. ಎಷ್ಟು ಕಂಪ್ಯೂಟರ್ ಚಾಲೂ ಇವೆ, ಒಂದರ ಮುಂದೆ ಎಷ್ಟು ಮಕ್ಕಳು ಕೂರ್ತಾರೆ, ಕರೆಂಟ್ ಹೋದಾಗ ಏನು ಮಾಡ್ತಾರೆ? ಈ ವಿಷಯ ಕಲಿಸೋರು ಎಷ್ಟೋ ಕಡೆ ಏಜೆನ್ಸಿ ಮೂಲಕ ಬಂದವರು. ಜೂನ್‌ನಿಂದಲೇ ಇರ್ತಾರಾ, ನಡುವೆ ಬರ್ತಾರಾ ಅಂತ ತಪ್ಪದೇ ಕೇಳಿ. ಒಂಬತ್ತರಲ್ಲಿ ತಗೊಂಡ ವಿಷಯವೇ ಹತ್ತಕ್ಕೂ ಮುಂದುವರಿಯುತ್ತೆ, ಎರಡು ವರ್ಷದ ಮಾತು ಇದು.

ಹೆಣ್ಣುಮಗಳು ಅನ್ನೋ ಕಾರಣಕ್ಕೆ ಬೇಡ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಐಟಿಐ ಮಾಡಿದ ಹೆಣ್ಣುಮಕ್ಕಳು ಸಾರಿಗೆ ನಿಗಮದ ಡಿಪೋಗಳಲ್ಲಿ ಬಸ್ಸಿನ ಕೆಳಗೆ ಮಲಗಿ ನಟ್ಟು ಬಿಗಿತಿದ್ದಾರೆ. ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾ ಇಲ್ಲೇ ಪಕ್ಕದ ಜಿಲ್ಲೆಯಲ್ಲಿದೆ, ವಾಹನ ತಯಾರಿಸೋ ಕಾರ್ಖಾನೆಗಳು ಅಲ್ಲಿವೆ. ಇನ್ನೂ ಒಂದು. ಆಕೆ ಹಟ ಹಿಡಿದಿದ್ದಾಳೆ ಅಂದ್ರಲ್ಲ, ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ವಿಷಯಕ್ಕೆ ಹಟ ಹಿಡಿಯೋ ಮಗು ಎಷ್ಟು ಮನೆಯಲ್ಲಿದೆ ಹೇಳಿ? ಲ್ಯಾಬ್ ಚೆನ್ನಾಗಿದ್ರೆ ಅವಳ ಮಾತೇ ನಡೀಲಿ. ಅವರಪ್ಪನನ್ನೂ ಲ್ಯಾಬ್ ನೋಡೋಕೆ ಕರ್ಕೊಂಡು ಹೋಗಿ, ಮನೆಯಲ್ಲಿ ವಾದ ಮಾಡೋದಕ್ಕಿಂತ ಅದು ಒಳ್ಳೇದು.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಓದಿನಲ್ಲಿ ಅಷ್ಟಕ್ಕಷ್ಟೆ. ಆದರೆ ಬೋರ್‌ವೆಲ್ ಮೋಟಾರು, ಸ್ಟಾರ್ಟರ್ ಎಲ್ಲಾ ತಾನೇ ಬಿಚ್ಚಿ ಜೋಡಿಸ್ತಾನೆ. ಐಟಿಐ ಎಲೆಕ್ಟ್ರಿಷಿಯನ್‌ಗೆ ಹಾಕೋಣ ಅಂದ್ರೆ ಸಂಬಂಧಿಕರು "ದಡ್ಡರು ಹೋಗೋ ಜಾಗ" ಅಂತ ನಗ್ತಾರೆ.
ರೈತ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಯಜಮಾನ್ರೆ, ನಗೋರು ನಾಳೆ ಹುಡುಗನ ಫೀಸು ಕಟ್ಟಲ್ಲ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು. ಮುಗಿಸಿದ ಮೇಲೆ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಂಡು ಕೆಲಸ ಕಲೀಬಹುದು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೂ ಅರ್ಜಿ ಕರೀತಾರೆ, ನೈಋತ್ಯ ರೈಲ್ವೆಯ ಪ್ರಕಟಣೆ ನೋಡ್ತಾ ಇರಿ. ಓದು ಮುಂದುವರಿಸ್ತೀನಿ ಅಂದ್ರೆ ಐಟಿಐ ಆದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ, ಡಿಪ್ಲೊಮಾ ಮುಗಿದ ಮೇಲೆ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ದಾರಿ ಸುತ್ತಿನದು, ಆದರೆ ಪ್ರತಿ ನಿಲ್ದಾಣದಲ್ಲೂ ಇಳಿದು ದುಡಿಯೋ ಅವಕಾಶ ಇದೆ.

ನನಗಿರೋ ಚಿಂತೆ ಬೇರೆ. ಓದಿನಲ್ಲಿ ಅಷ್ಟಕ್ಕಷ್ಟೆ ಅಂದ್ರಲ್ಲ, ಗಣಿತ ಹೇಗಿದೆ? ಆ ಟ್ರೇಡಿಗೆ ಹತ್ತನೇಯಲ್ಲಿ ಗಣಿತ, ವಿಜ್ಞಾನ ಬೇಕು. ಮುಂದೆ ಡಿಪ್ಲೊಮಾಗೆ ಹೋದರೆ ಎಡವೋದೂ ಗಣಿತದಲ್ಲೇ. ಅವನಿಗೆ ಗೊತ್ತಿರೋ ಮೋಟಾರಿನಿಂದಲೇ ಶುರು ಮಾಡಿಸಿ. 5 ಎಚ್‌ಪಿ ಅಂದ್ರೆ ಸುಮಾರು 3.7 ಕಿಲೋವ್ಯಾಟ್. ಗಂಟೆಗೆ ಎಷ್ಟು ಯೂನಿಟ್ ಆಯ್ತು? ಒಂದು ಫೇಸ್ ಹೋದಾಗ ಉಳಿದ ಎರಡರ ಮೇಲೆ ಲೋಡ್ ಯಾಕೆ ಏರುತ್ತೆ, ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಎಷ್ಟು ಆಂಪಿಯರ್‌ಗೆ ಇಟ್ಟಿದ್ದಾರೆ ಅಂತ ಲೆಕ್ಕ ಹಾಕ್ಲಿ. ಕೈಗೆ ಗೊತ್ತಿರೋದನ್ನ ಪೆನ್ನಿನಲ್ಲಿ ಬರೆಯೋಕೆ ಬಂದ್ರೆ ಗಣಿತದ ಹೆದರಿಕೆ ಅರ್ಧ ಹೋಗುತ್ತೆ. ಹಾಂ, ಮೇನ್ ಸ್ವಿಚ್ ಆಫ್ ಮಾಡದೆ ಸ್ಟಾರ್ಟರ್ ಬಿಚ್ಚಬಾರದು ಅಂತ ಇವತ್ತೇ ಕೂರಿಸಿಕೊಂಡು ಹೇಳಿ, ಯಜಮಾನ್ರೆ. ದಯವಿಟ್ಟು.

ಪ್ರಶ್ನೆ: ನಾನು ಸಿಬಿಎಸ್‌ಇ, ಒಂಬತ್ತನೇ ಕ್ಲಾಸ್. ಐಟಿ ತಗೊಳ್ಳೋದಾ, ಎಐ ತಗೊಳ್ಳೋದಾ? ಎಐ ಹೆಸರು ಚೆನ್ನಾಗಿದೆ, ಐಟಿಯಲ್ಲಿ ಮಾರ್ಕ್ಸ್ ಸುಲಭ ಅಂತ ಫ್ರೆಂಡ್ಸ್ ಹೇಳ್ತಾರೆ.
ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ಎರಡರಲ್ಲೂ 50 ಅಂಕ ಥಿಯರಿ, 50 ಪ್ರಾಕ್ಟಿಕಲ್. ಮಾರ್ಕ್ಸಿನ ಆಸೆಗೆ ಆರಿಸ್ಕೋಬೇಡ. ಎಐ ಅಂದ್ರೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೀಬೇಕು, ಡೇಟಾ ಜೊತೆ ತಾಳ್ಮೆಯಿಂದ ಕೂರಬೇಕು. ರಜೆಯಲ್ಲಿ ಒಂದು ವಾರ ಪೈಥಾನ್ ಬರೆದು ನೋಡು, ತಪ್ಪು ಹುಡುಕೋದೇ ಖುಷಿ ಅನ್ನಿಸಿದ್ರೆ ಎಐ ತಗೋ. ಐಟಿಯನ್ನು ಕೀಳು ಅಂತ ತಿಳೀಬೇಡ. ಅದರಲ್ಲಿ ಸ್ಪ್ರೆಡ್‌ಶೀಟ್, ಡೇಟಾಬೇಸ್ ಕಲಿಸ್ತಾರೆ. ಸ್ಪ್ರೆಡ್‌ಶೀಟಿನಲ್ಲಿ ಗೋಲ್ ಸೀಕ್ ಅಂತ ಒಂದು ಸೌಲಭ್ಯ ಇದೆ. ಅಜ್ಜನ ಹೊಲದ ಹೆಸರುಕಾಳಿನ ಬೆಳೆಗೆ ಬೀಜ, ಗೊಬ್ಬರ, ಆಳಿನ ಖರ್ಚು ಎಷ್ಟಾಯ್ತು ಅಂತ ಹಾಕಿ, ಕ್ವಿಂಟಲಿಗೆ ಎಷ್ಟು ರೇಟ್ ಸಿಕ್ಕರೆ ಅಸಲು ಬರುತ್ತೆ ಅಂತ ಕೇಳಿದ್ರೆ ತಾನೇ ಹುಡುಕಿ ಕೊಡುತ್ತೆ. ಮಾಡಿ ಅಜ್ಜನಿಗೆ ತೋರಿಸು.

ಆರನೇ ವಿಷಯವಾಗಿ ಐಟಿ, ಎಐನಂಥ ಸ್ಕಿಲ್ ವಿಷಯ ಇದ್ರೆ, ಗಣಿತ, ವಿಜ್ಞಾನ, ಸಮಾಜದಲ್ಲಿ ಒಂದು ಫೇಲಾದ್ರೂ ಅದರ ಜಾಗಕ್ಕೆ ಇದನ್ನ ಹಿಡೀತಾರೆ. ಅದನ್ನ ನೆಚ್ಚಿಕೊಂಡು ಗಣಿತ ಬಿಡಬೇಡ. ಪಾಸು ಅಂತ ಬಂದ್ರೂ ಹನ್ನೊಂದರಲ್ಲಿ ಸೈನ್ಸ್ ಸೀಟು ಕೇಳೋಕೆ ಹೋದಾಗ ಗಣಿತದ ಅಂಕವನ್ನೇ ನೋಡೋದು.