ಹೊಗಳಿದ್ದು ಸಾಕು, ಅಮ್ಮನನ್ನು ಕೇಳಿ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಅಮ್ಮಂದಿರ ದಿನಕ್ಕೆಂದು ಕಳೆದ ಸಂಚಿಕೆಯಲ್ಲಿ ಇಷ್ಟೊಂದು ಪುಟ ಏಕೆ ಮೀಸಲಿಟ್ಟಿರಿ? ಇದು ಕಾರ್ಡು, ಹೂಗುಚ್ಛ ಮಾರುವವರು ಹುಟ್ಟುಹಾಕಿದ ಹಬ್ಬ. ತ್ಯಾಗಮಯಿ ತಾಯಿಗೆ ವರ್ಷದ 365 ದಿನವೂ ಕೃತಜ್ಞರಾಗಿರಬೇಕು. ನನ್ನ ತಾಯಿ ನಮ್ಮ ಮನೆಯ ದೇವರು. ಅವರಿಗೆ ಈ ಆಡಂಬರವೆಲ್ಲ ಬೇಕಾಗಿಲ್ಲ.

ಸಂಪಾದಕರ ಉತ್ತರ: ವ್ಯಾಪಾರದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ದಿನ ವ್ಯಾಪಾರಿಗಳಿಂದ ಹುಟ್ಟಿದ್ದಲ್ಲ. 1908ರ ಮೇ 10ರಂದು ಅಮೆರಿಕದ ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ಮೊದಲ ಆಚರಣೆ ನಡೆಯಿತು. ಅದನ್ನು ಏರ್ಪಡಿಸಿದವರು ಆನಾ ಜಾರ್ವಿಸ್. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದಕ್ಕೆ ಸರ್ಕಾರಿ ಮನ್ನಣೆ ಕೊಟ್ಟರು. ಮುಂದೆ ಅಂಗಡಿಯವರು ಆ ದಿನವನ್ನು ನುಂಗತೊಡಗಿದಾಗ ಅವರ ಮೇಲೆ ಹರಿಹಾಯ್ದವರೂ ಅದೇ ಆನಾ. ಅಚ್ಚಾದ ಕಾರ್ಡು ಕಳುಹಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ನೀವು ಅವರ ಪಕ್ಷದವರೇ.

ಆನಾ ಯಾರ ನೆನಪಿಗಾಗಿ ಇದನ್ನೆಲ್ಲ ಮಾಡಿದರೋ ಆ ತಾಯಿಯ ವಿಷಯ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆಕೆಯ ಹೆಸರು ಆ್ಯನ್ ರೀವ್ಸ್ ಜಾರ್ವಿಸ್. ಹೆತ್ತ ಹತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ನಾಲ್ವರು ಮಾತ್ರ. ಆಕೆ ಅಳುತ್ತಾ ಕೂರಲಿಲ್ಲ. ಊರೂರಿನ ತಾಯಂದಿರ ಸಂಘ ಕಟ್ಟಿ ಶುಚಿತ್ವ, ಶುದ್ಧ ಹಾಲು, ರೋಗಿಗಳ ಆರೈಕೆಯ ಬಗ್ಗೆ ತಿಳಿವಳಿಕೆ ಕೊಡಿಸಿದರು. ಅಂತರ್ಯುದ್ಧದಲ್ಲಿ ಎರಡೂ ಕಡೆಯ ಸೈನಿಕರ ಶುಶ್ರೂಷೆ ಮಾಡಿಸಿದರು. ಇಂಥ ಹೆಂಗಸನ್ನು ‘ಮಮತಾಮಯಿ’ ಎಂದು ಕರೆದು ಸುಮ್ಮನಾದರೆ ಆಕೆ ಮಾಡಿದ್ದೆಲ್ಲ ಮಣ್ಣುಪಾಲಾಯಿತು. ನನ್ನ ತಕರಾರು ಇರುವುದು ಇಲ್ಲಿಯೇ.

ನಿಮ್ಮ ಪತ್ರದ ಕೊನೆಯ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಿ. ತಾಯಿಗೆ ಏನೂ ಬೇಕಾಗಿಲ್ಲ ಎಂದು ಅವರನ್ನು ಕೇಳಿ ಬರೆದಿರಾ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎಂಬ ಗಾದೆ ಹೇಳುತ್ತಲೇ ಬೆಳೆದವರು ನಾವು. ದೇವರೆಂದು ಒಮ್ಮೆ ಪೀಠಕ್ಕೇರಿಸಿದರೆ ಆಯಿತು. ಮಂಡಿ ನೋವು ಇದೆಯೇ, ರಾತ್ರಿ ನಿದ್ದೆ ಬಂತೇ, ಕೈಯಲ್ಲಿ ಸ್ವಂತದ ಹಣವಿದೆಯೇ ಎಂದು ಕೇಳುವ ಗೋಜಿಲ್ಲ. 365 ದಿನವೂ ಕೃತಜ್ಞರು ಎನ್ನುವವರ ಬಗ್ಗೆ ನನಗೆ ಅದೇ ಅನುಮಾನ. ಎಲ್ಲ ದಿನಕ್ಕೂ ಹಂಚಿದ ಕೃತಜ್ಞತೆ ಯಾವ ದಿನವೂ ಅವರ ಕೈಗೆ ಸಿಕ್ಕುವುದಿಲ್ಲ. ಕಾರ್ಡು ತಂದ ಮಗನಾದರೂ ಅರ್ಧ ಗಂಟೆ ಎದುರಿಗೆ ಕೂತು ಮಾತನಾಡಿರುತ್ತಾನೆ.

ನನ್ನ ಮೇಜಿಗೆ ಬರುವ ಅಮ್ಮನ ಲೇಖನಗಳಲ್ಲಿ ಹೆಚ್ಚಿನವು ಆಕೆ ತೀರಿಕೊಂಡ ಮೇಲೆ ಬರೆದವು. ವಾತ್ಸಲ್ಯದ ಕಡಲು, ಕರುಣೆಯ ಮೂರ್ತಿ ಎಲ್ಲವೂ ಇರುತ್ತವೆ; ಎಷ್ಟೋ ಸಲ ಆಕೆಯ ಹೆಸರೇ ಇರುವುದಿಲ್ಲ. ಅಂಥ ಒಬ್ಬ ಲೇಖಕರಿಗೆ ಫೋನ್ ಮಾಡಿ, ಮದುವೆಗೆ ಮುಂಚೆ ನಿಮ್ಮ ತಾಯಿ ಏನಾಗಬೇಕೆಂದಿದ್ದರು ಎಂದು ಕೇಳಿದೆ. ಅವರು ತಡವರಿಸಿದರು. ಚಿಕ್ಕಮ್ಮನನ್ನು ವಿಚಾರಿಸಿ ವಾರದ ನಂತರ ತಿಳಿಸಿದರು: ಆಕೆ ಗಣಿತದಲ್ಲಿ ತರಗತಿಗೇ ಮೊದಲಿಗಳು, ಮುಂದೆ ಓದಬೇಕೆಂದು ಎರಡು ದಿನ ಉಪವಾಸ ಕೂತಿದ್ದಳು. ಮಗ ಅದುವರೆಗೆ ಕಂಡಿದ್ದು ಹಾಲಿನ ಲೆಕ್ಕ, ಶಾಲೆಯ ಶುಲ್ಕ, ಮಾತ್ರೆಯ ಹೊತ್ತು ಬರೆದಿಡುತ್ತಿದ್ದ ಅಮ್ಮನ ಪುಸ್ತಕ, ಅದರ ಪ್ರತಿ ಪುಟದ ಕೆಳಗೆ ಗೆರೆ ಎಳೆದು ಹಾಕಿದ್ದ ಮೊತ್ತ. ಲೇಖನವನ್ನು ಮೊದಲಿನಿಂದ ಬರೆದು ಕಳುಹಿಸಿದರು. ಈ ಪತ್ರಿಕೆ ಪ್ರಕಟಿಸಿದ ಒಳ್ಳೆಯ ಬರಹಗಳಲ್ಲಿ ಅದೊಂದು.

ಈ ಮರೆವು ಮನೆಯೊಳಗಿನದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಮದುವೆಯ ದಾಖಲೆಯಲ್ಲಿ ವಧೂವರರ ತಂದೆಯ ಹೆಸರಿಗೆ ಮಾತ್ರ ಜಾಗವಿತ್ತು. ತಾಯಿಯ ಹೆಸರು ಸೇರಿದ್ದು 2021ರ ಮೇ ತಿಂಗಳಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ಸಂಬಳವಿಲ್ಲದ ಮನೆಗೆಲಸ, ಆರೈಕೆಗೆ ದಿನಕ್ಕೆ 1,640 ಕೋಟಿ ಗಂಟೆ ಸಲ್ಲುತ್ತದೆ. ಅದರ ಮುಕ್ಕಾಲು ಪಾಲು ಹೆಂಗಸರದು. ದೇಶದ ಆದಾಯದ ಲೆಕ್ಕದಲ್ಲಿ ಈ ದುಡಿಮೆ ಸೇರುವುದಿಲ್ಲ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಶೇ 90ರಷ್ಟು ಹೆಂಗಸರು ಮನೆಯ ಒಳಗಿನ, ಹೊರಗಿನ ಕೆಲಸವನ್ನೆಲ್ಲ ಕೈಬಿಟ್ಟು ಬೀದಿಗೆ ಬಂದರು. ಅಪ್ಪಂದಿರು ಮಕ್ಕಳನ್ನು ಕಚೇರಿಗೆ ಕರೆದುಕೊಂಡು ಹೋಗಬೇಕಾಯಿತು. ಮರುವರ್ಷವೇ ಅಲ್ಲಿ ಸ್ತ್ರೀ-ಪುರುಷ ಸಮಾನತೆಯ ಕಾನೂನು ಬಂತು. ನಾವು ಬಾಯಿತುಂಬ ಹೊಗಳುವ ತ್ಯಾಗದಲ್ಲಿ ಎಷ್ಟು ಪಾಲು ಆಕೆ ಮನಸಾರೆ ಕೊಟ್ಟದ್ದು, ಎಷ್ಟು ಪಾಲು ಬೇರೆ ಯಾರೂ ಏಳದ ಕಾರಣ ಆಕೆಯ ತಲೆಗೆ ಬಿದ್ದದ್ದು ಎಂದು ನಾವು ಯೋಚಿಸಿಯೇ ಇಲ್ಲ.

ನೀವು ತಾಯಿಯನ್ನು ಪ್ರೀತಿಸುವವರು ಎಂಬುದು ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದ್ದರಿಂದಲೇ ಸಲುಗೆಯಿಂದ ಹೇಳುತ್ತಿದ್ದೇನೆ: ಈ ವಾರ ಅವರು ದಿನವೂ ಮಾಡುವ ಒಂದು ಕೆಲಸವನ್ನು ನೀವು ವಹಿಸಿಕೊಳ್ಳಿ, ಬಿಡುವಾದ ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಅವರ ಬಾಲ್ಯ, ಓದು, ಈಡೇರದ ಆಸೆಗಳ ಬಗ್ಗೆ ಕೇಳಿ. ಹೇಳಿದ್ದನ್ನು ಬರೆದುಕೊಂಡು ನಮಗೆ ಕಳುಹಿಸಿ. ಅವರು ಒಪ್ಪಿದರೆ ಅಚ್ಚು ಹಾಕುತ್ತೇವೆ. ಒಪ್ಪದಿದ್ದರೆ ನಿಮ್ಮ ಬಳಿಯೇ ಇರಲಿ.