ಹೊಟ್ಟೆಹುಳು ಇರುವ ನಾಯಿಮರಿಯನ್ನು ಒಂದು ವಾರ ನೋಡಿಕೊಳ್ಳಬೇಕು. ನಮ್ಮ ನಾಯಿಗಳಿಗೆ ಹರಡದಂತೆ ಏನು ಮಾಡಲಿ?

ಹೆದರಬೇಡಿ, ಧೈರ್ಯವಾಗಿ ಇಟ್ಟುಕೊಳ್ಳಿ. ಅದರ ಕಕ್ಕ ಮಾತ್ರ ನೆಲದಲ್ಲಿ ಉಳಿಯಬಾರದು.

ಮರಿಗಳಲ್ಲಿ ಜಾಸ್ತಿ ಕಾಣುವುದು ದುಂಡುಹುಳು. ಬೇಯಿಸಿದ ಶಾವಿಗೆಯ ಹಾಗೆ ಬೆಳ್ಳಗೆ, ಉದ್ದಕ್ಕೆ ಇರುತ್ತದೆ. ಇದರ ಮೊಟ್ಟೆ ಹೊರಬಂದ ತಕ್ಷಣ ಅಂಟುವುದಿಲ್ಲ. ಬಲಿಯಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಹಾಗಾಗಿ ಮರಿ ಕಕ್ಕ ಮಾಡಿದ ಕೂಡಲೇ ಕವರಿನಲ್ಲಿ ಎತ್ತಿ ಬಿಸಾಡಿದರೆ ಮುಕ್ಕಾಲು ಕೆಲಸ ಆದ ಹಾಗೆ. ಸುಮ್ನೆ ಬಿಟ್ಟರೆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಫಿನಾಯಿಲ್‌ಗೂ ಬಗ್ಗುವುದಿಲ್ಲ. ನೆಲವನ್ನು ಸೋಪು ಹಾಕಿ ಉಜ್ಜಿ, ಮೇಲೆ ಕುದಿಯುವ ನೀರು ಸುರಿಯಿರಿ.

ಕೊಕ್ಕೆಹುಳು ಆದರೆ ಇಷ್ಟು ಸಮಯ ಕೊಡುವುದಿಲ್ಲ. ಸುಮಾರು ಒಂದು ವಾರದಲ್ಲೇ ಪಾದದ ಚರ್ಮದ ಮೂಲಕವೂ ಒಳಗೆ ಹೋಗಬಲ್ಲದು. ಅದಕ್ಕೇ ಮರಿಗೆ ಅಂಗಳದ ಒಂದು ಮೂಲೆ ಗೊತ್ತು ಮಾಡಿ, ಬೆಲ್ಟ್ ಹಾಕಿ ಅಲ್ಲಿಗೇ ಕರೆದುಕೊಂಡು ಹೋಗಿ. ನಿಮ್ಮ ನಾಯಿಗಳನ್ನು ಆ ಕಡೆ ಬಿಡಬೇಡಿ. ನೀವೂ ಚಪ್ಪಲಿ ಹಾಕಿಕೊಳ್ಳಿ. ಲಾಡಿಹುಳು ಸಾಮಾನ್ಯವಾಗಿ ಹರಡುವುದು ಚಿಗಟದಿಂದ, ಮೈ ಕೂದಲು ಬಿಡಿಸಿ ನೋಡಿ.

ಮರಿಗೆ ಹುಳುವಿನ ಔಷಧಿ ಯಾವತ್ತು ಕೊಟ್ಟರು, ಮುಂದಿನ ಡೋಸ್ ಯಾವಾಗ ಅಂತ ಮಾಲೀಕರನ್ನು ಕೇಳಿ. ಒಂದೇ ಡೋಸ್ ಸಾಲದು, ಮರಿಗಳಿಗೆ ಸಾಮಾನ್ಯವಾಗಿ 2 ವಾರಕ್ಕೊಮ್ಮೆ ಕೊಡುತ್ತಾರೆ. ನಿಮ್ಮ ನಾಯಿಗಳ ಡೋಸ್ ಬಾಕಿ ಇದ್ದರೆ ಪಶುವೈದ್ಯರಿಗೆ ತೂಕ ಹೇಳಿ ಈಗಲೇ ಕೊಡಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸಿ, ದುಂಡುಹುಳು ಮನುಷ್ಯರಿಗೂ ಬರುತ್ತದೆ.