ಪಟ್ಟಿಯಲ್ಲಿ ‘ಆಸ್ಟ್ರಿಯಾ’ ಎಂದಿದ್ದರೂ ಅವರು ಉಕ್ರೇನಿಯನ್ನರೇ

ನಿಮ್ಮ ಪತಿಯ ಮುತ್ತಜ್ಜ 1903ರಲ್ಲಿ ಕೆನಡಾದ ಮ್ಯಾನಿಟೋಬಾಕ್ಕೆ ಬಂದ ಉಕ್ರೇನಿಯನ್ನರು, ಹಡಗಿನ ಪಟ್ಟಿಯಲ್ಲೇಕೆ ‘ಆಸ್ಟ್ರಿಯಾ’ ಎಂದಿದೆ, ಊರನ್ನು ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ನಮೂದು ತಪ್ಪಲ್ಲ. ಇಂದಿನ ಪಶ್ಚಿಮ ಉಕ್ರೇನಿನ ಭಾಗಗಳನ್ನು ಒಳಗೊಂಡಿದ್ದ ಗಲಿಷಿಯಾ, ಬುಕೊವಿನಾ ಪ್ರಾಂತ್ಯಗಳೆರಡೂ 1918ರವರೆಗೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದವು. ಅಲ್ಲಿಯ ಉಕ್ರೇನಿಯನ್ನರನ್ನು ದಾಖಲೆಗಳು ‘ರುಥೇನಿಯನ್’ ಎನ್ನುತ್ತಿದ್ದವು.

ದಯವಿಟ್ಟು ಉಕ್ರೇನಿಗೆ ಪತ್ರ ಬರೆಯುವ ಅವಸರ ಬೇಡ. ಮೊದಲು ಕೆನಡಾದಲ್ಲೇ ಹುಡುಕಿ: ಅವರು ಮದುವೆಯಾದ ಚರ್ಚಿನ ಪುಸ್ತಕ, ಮಕ್ಕಳ ದೀಕ್ಷಾಸ್ನಾನದ ದಾಖಲೆ, ಪೌರತ್ವದ ಕಡತ. ಸಮಾಧಿಯ ಕಲ್ಲನ್ನೂ ಬಿಡಬೇಡಿ. ಉಕ್ರೇನಿಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ ಹುಟ್ಟೂರನ್ನು ಕೆತ್ತಿಸಿರುವುದುಂಟು. ಹೆಸರು ಸಿಕ್ಕರೆ ಜಿಲ್ಲೆಯನ್ನೂ ಖಚಿತಪಡಿಸಿಕೊಳ್ಳಿ, ಒಂದೇ ಹೆಸರಿನ ಹಳ್ಳಿಗಳು ಅಲ್ಲಿ ಹಲವಿವೆ. ಗಲಿಷಿಯಾದವರಾದರೆ ಆಮೇಲೆ ಉಕ್ರೇನಿನ ಲ್ವಿವ್ ನಗರದ ಐತಿಹಾಸಿಕ ಪತ್ರಾಗಾರದ 201ನೇ ಸಂಗ್ರಹ ನೋಡಿ. ಗ್ರೀಕ್ ಕ್ಯಾಥೊಲಿಕ್ (ಪೋಪರನ್ನು ಒಪ್ಪಿದ, ಪೌರ್ವಾತ್ಯ ಪೂಜಾಕ್ರಮದ) ಚರ್ಚುಗಳು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟ ಜನನ, ಮದುವೆ, ಮರಣಗಳ ಪುಸ್ತಕಗಳವು. ಹುಟ್ಟಿದ ಮನೆಯ ಸಂಖ್ಯೆಯೂ ಅಲ್ಲಿ ಸಿಗುತ್ತದೆ.